ಎಂಎಸ್‌ಡಬ್ಲ್ಯು ಸೀಟು ಸಿಗದವರು ಕೇಳಿ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಡಿಗ್ರಿಗೆ ಅರ್ಜಿ ಹಾಕಿ ಸೀಟು ಸಿಗದವರು ನಮ್ಮ ಮುಂಬೈ-ಪುಣೆ-ಗೋವಾ ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿರುವ ಮೇಡಂ ಇವತ್ತು ರಾತ್ರಿ ಉತ್ತರ ಕೊಡಲು ಒಪ್ಪಿದ್ದಾರೆ. ವಿದ್ಯಾರ್ಥಿಗಳ ಫೀಲ್ಡ್‌ವರ್ಕ್ (ಹೊರಗೆ ಹೋಗಿ ಮಾಡುವ ಪ್ರಾಯೋಗಿಕ ಕೆಲಸ) ನೋಡಿಕೊಳ್ಳುತ್ತಾರೆ, ಪ್ರವೇಶದ ಸಂದರ್ಶನಗಳಲ್ಲೂ ಕೂತಿದ್ದಾರೆ. ಹೆಸರು, ಫೋನ್ ನಂಬರ್ ಹಾಕಬೇಡಿ. ಇರುವ ಊರು ಹಾಕಿ ಕೇಳಿ.

ಥಾಣೆ: ನಮಸ್ತೆ ಮೇಡಂ. ಮಗಳು ಬಿಕಾಂ ಮಾಡಿದ್ದಾಳೆ. ಎರಡು ಕಡೆ ಎಂಎಸ್‌ಡಬ್ಲ್ಯುಗೆ ಹಾಕಿದಳು, ಎರಡೂ ಕಡೆ ಆಗಲಿಲ್ಲ. ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಮೊದಲ ಡಿಗ್ರಿ) ಆಗಿಲ್ಲ ಅಂತ ತೆಗೆದುಹಾಕಿದ್ದಾರೆ ಅಂತ ನೆಂಟರು ಹೇಳುತ್ತಾರೆ. ನಿಜವಾ?

ಮೇಡಂ: ನಿಜ ಅಲ್ಲ. ಎಂಎಸ್‌ಡಬ್ಲ್ಯುಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಬಿಕಾಂ, ಬಿಎಸ್ಸಿ, ಎಂಜಿನಿಯರಿಂಗ್ ಮಾಡಿದವರೂ ಬರುತ್ತಾರೆ. ಬಿಎಸ್‌ಡಬ್ಲ್ಯು ಆದವರಿಗೆ ಫೀಲ್ಡ್‌ವರ್ಕ್ ರೂಢಿ ಇರುತ್ತದೆ, ಅಷ್ಟೇ ಅನುಕೂಲ. ಮಗಳಿಗೆ ಕೈತಪ್ಪಿದ್ದು ಬರೆಯುವ ಪರೀಕ್ಷೆಯಲ್ಲಾ, ಗುಂಪು ಚರ್ಚೆಯಲ್ಲಾ, ಸಂದರ್ಶನದಲ್ಲಾ? ಮೊದಲು ಅದನ್ನು ಕೇಳಿ. ಅದು ಗೊತ್ತಿಲ್ಲದೆ ಇನ್ನೊಂದು ಅರ್ಜಿ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತಾಳೆ.

ಡೊಂಬಿವಲಿ: ಮೇಡಂ, ಟಿಸ್‌ಗೆ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ತಯಾರಿ ಹೇಗೆ? ಅದರ ಪ್ರವೇಶ ಪರೀಕ್ಷೆ ಟಿಸ್‌ನೆಟ್‌ನ ಹಳೇ ಪುಸ್ತಕ ತಗೊಂಡಿದ್ದೇನೆ.

ಮೇಡಂ: ಆ ಪುಸ್ತಕ ಪಕ್ಕಕ್ಕಿಡಿ. ದೇವನಾರ್‌ನ ಟಿಸ್‌ನಲ್ಲಿ ಈಗ ಟಿಸ್‌ನೆಟ್ ಇಲ್ಲ. ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಸಿಯುಇಟಿ-ಪಿಜಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು, ಅದು ದಾಟಿದ ಮೇಲೆ ಟಿಸ್‌ನದ್ದೇ ಇನ್ನೊಂದು ಹಂತ ಇರುತ್ತದೆ. ಸಿಯುಇಟಿಯಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ, ಹಾಗಾಗಿ ಗೊತ್ತಿಲ್ಲದ್ದಕ್ಕೆ ಸುಮ್ನೆ ಗುರುತು ಹಾಕಬೇಡಿ. ಬಹಳ ಜನಕ್ಕೆ ವರ್ಷ ತಪ್ಪುವುದು ತಾರೀಖಿನಿಂದ. ಅರ್ಜಿ ಸಾಮಾನ್ಯವಾಗಿ ಡಿಸೆಂಬರ್-ಜನವರಿ ಸುಮಾರಿಗೆ ಬರುತ್ತದೆ. ಡಿಗ್ರಿಯ ಕೊನೇ ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಹುಡುಕಲು ಹೊರಟರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಮರೀನ್ ಲೈನ್ಸ್‌ನ ನಿರ್ಮಲಾ ನಿಕೇತನ, ಪುಣೆಯ ಕರ್ವೆ ಇನ್‌ಸ್ಟಿಟ್ಯೂಟ್, ಇವರ ನೋಟಿಸ್ ಬೇರೆ ಬರುತ್ತದೆ, ಪ್ರವೇಶದ ಕ್ರಮವೂ ಬೇರೆ. ಒಂದೇ ಕಡೆ ಹಾಕಿ ಕಾಯುತ್ತಾ ಕೂರಬೇಡಿ.

ಕಲ್ಯಾಣ್: ನಾನು ಬಿಎಸ್ಸಿ. ಎಂಎಸ್‌ಡಬ್ಲ್ಯುಗೆ ಬಿಎಸ್‌ಡಬ್ಲ್ಯು ಬೇಕೇ ಬೇಕಾ?

ಮೇಡಂ: ಬೇಡ. ಮೇಲೆ ಓದಿ.

ಭಾಂಡುಪ್: ಮೇಡಂ ಇದು ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ಸೋಶಿಯಲ್ ವರ್ಕ್ ಸೀಟು ಸಿಗದವರಿಗೆ ಶುಭ ಸುದ್ದಿ! ಸಂಸ್ಥೆಯಿಂದ ಆರು ತಿಂಗಳ ಅನುಭವದ ಸರ್ಟಿಫಿಕೇಟ್, ಮನೆಯಿಂದಲೇ. ಆಯ್ಕೆಯಾದವರ ಅರ್ಜಿಯ ಬರಹ ಉಚಿತ. ಒಂದೇ ವರ್ಷದಲ್ಲಿ ಆನ್‌ಲೈನ್ ಎಂಎಸ್‌ಡಬ್ಲ್ಯು."

ಮೇಡಂ: ದಯವಿಟ್ಟು ಇದನ್ನು ಇನ್ನು ಯಾರಿಗೂ ಕಳಿಸಬೇಡಿ. ಮನೆಯಿಂದಲೇ ಸಿಗುವ ಅನುಭವ ಅನುಭವವೇ ಅಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ "ಅಲ್ಲಿ ದಿನಾ ಏನು ಮಾಡುತ್ತಿದ್ದಿರಿ, ಯಾವ ಗಲ್ಲಿಯಲ್ಲಿ, ಯಾರ ಜೊತೆ". ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಆಯ್ಕೆಯಾದವರ ಬರಹ ನಕಲು ಮಾಡಿದವರನ್ನೂ ನೋಡಿದ್ದೇನೆ. ಒಂದೇ ದಿನ ಇಬ್ಬರು ಮಕ್ಕಳು ಒಂದೇ ಅಜ್ಜಿಯ ಕಥೆ ಬರೆದುಕೊಂಡು ಬಂದಿದ್ದರು. ಇಬ್ಬರಿಗೂ ಸೀಟು ಹೋಯಿತು, ಇಬ್ಬರೂ ಬುದ್ಧಿವಂತರೇ. ಇನ್ನು ಒಂದು ವರ್ಷದ ಕೋರ್ಸು: ಮೂರು ವರ್ಷದ ಡಿಗ್ರಿ ಆದವರಿಗೆ ಎಂಎಸ್‌ಡಬ್ಲ್ಯು ಎರಡು ವರ್ಷ. ದುಡ್ಡು ಕಟ್ಟುವ ಮುಂಚೆ ಯುಜಿಸಿ ವೆಬ್‌ಸೈಟಿನಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಇದೆಯಾ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಇದೆ.

ಭಾಂಡುಪ್: ಸರಿ ಮೇಡಂ. ಒಳ್ಳೆಯ ಉದ್ದೇಶದಿಂದ ಹಾಕಿದ್ದೆ.

ಕಳವಾ: ಅಕ್ಕಾ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಾನು ಎರಡು ವರ್ಷದಿಂದ ಹಾಕುತ್ತಿದ್ದೇನೆ. ಬರೆಯುವ ಪರೀಕ್ಷೆ ಪಾಸಾಗುತ್ತದೆ, ಸಂದರ್ಶನದಲ್ಲಿ ಹೋಗುತ್ತದೆ. ಅಪ್ಪ ಅಮ್ಮನಿಗೆ ಹೊಡೆಯುತ್ತಾರೆ, ನಾನು ಚಿಕ್ಕವನಿದ್ದಾಗಿಂದ. ಒಂದು ಸಲ ನಾನೇ ಅಮ್ಮನನ್ನು ಪೊಲೀಸ್ ಚೌಕಿಗೆ ಕರೆದುಕೊಂಡು ಹೋದೆ. ಎನ್‌ಸಿ ಬರೆದುಕೊಂಡು ಮನೆಗೆ ಕಳಿಸಿದರು. ಇದೆಲ್ಲ ಅರ್ಜಿಯಲ್ಲಿ ಬರೆದಿದ್ದೆ. ಸಂದರ್ಶನದಲ್ಲಿ "ಈಗ ನಿಮ್ಮ ತಾಯಿ ಎಲ್ಲಿದ್ದಾರೆ" ಅಂತ ಕೇಳಿದರು. ಗಂಟಲು ಕಟ್ಟಿತು, ಮಾತೇ ಬರಲಿಲ್ಲ. ಇನ್ನೂ ಖಾರವಾಗಿ ಬರೆ, ಆಗ ಸೀಟು ಕೊಡುತ್ತಾರೆ ಅಂತ ಗೆಳೆಯ ಹೇಳುತ್ತಾನೆ. ನನ್ನ ಕಥೆ ಅವರಿಗೆ ಸಾಕಾಗಲಿಲ್ಲವಾ?

ಮೇಡಂ: ತಮ್ಮಾ, ಸೀಟಿನ ಮಾತು ಆಮೇಲೆ. ಅಮ್ಮ ಈಗ ಅದೇ ಮನೆಯಲ್ಲಿದ್ದಾರಾ? ಇಲ್ಲಿ ಉತ್ತರ ಹಾಕಬೇಡ, ನನಗೆ ಬೇರೆ ಮೆಸೇಜ್ ಮಾಡು. ಅಪಾಯ ಇದ್ದರೆ 112, ಇಲ್ಲವಾದರೆ ಮಹಿಳಾ ಸಹಾಯವಾಣಿ 181. ಮಹಿಳೆಯರು ಮತ್ತು ಮಕ್ಕಳ ಸ್ಪೆಷಲ್ ಸೆಲ್ ಅಂತ ಇದೆ. 1984ರಲ್ಲಿ ಟಿಸ್‌ನವರು ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಶುರು ಮಾಡಿದ್ದು. ಪೊಲೀಸ್ ಆವರಣದಲ್ಲೇ ಸೋಶಿಯಲ್ ವರ್ಕರ್ ಕೂತಿರುತ್ತಾರೆ, ಈಗ ಮಹಾರಾಷ್ಟ್ರದ ಬೇರೆ ಕಡೆಯೂ ಇದೆ. ಅಲ್ಲಿಗೆ ಹೋದರೆ ಕೇಸು ಹಾಕಲೇಬೇಕು ಅಂತಿಲ್ಲ. ಅಮ್ಮ ಕೂತು ಮಾತಾಡಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆ ಮನೆಯಲ್ಲಿ ಇರುವ ಹಕ್ಕು ಅಮ್ಮನಿಗೆ ಇದೆ, ಮನೆ ಯಾರ ಹೆಸರಲ್ಲಿದ್ದರೂ. ಇದನ್ನು ಅವರಿಗೆ ಹೇಳು.

ಈಗ ಅರ್ಜಿ. ನಿನ್ನ ಕಥೆ ಸಾಕಾಗಲಿಲ್ಲ ಅಂತಲ್ಲ. ಸಂದರ್ಶನ ಮಾಡುವವರು ನೋವು ಅಳೆದು ಅಂಕ ಹಾಕುವುದಿಲ್ಲ. ಇನ್ನೊಬ್ಬರ ನೋವಿನ ಎದುರು ಈ ಹುಡುಗ ಕೂರಬಲ್ಲನಾ ಅಂತ ನೋಡುತ್ತಾರೆ. ಮೊದಲ ವರ್ಷದಲ್ಲೇ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್ ಇರುತ್ತದೆ. ನಿನ್ನನ್ನು ಇಂಥ ಸೆಲ್‌ಗೋ ಕೌಟುಂಬಿಕ ನ್ಯಾಯಾಲಯಕ್ಕೋ ಹಾಕಿದರು ಅಂತಿಟ್ಟುಕೋ. ನಿನ್ನ ಅಮ್ಮನ ವಯಸ್ಸಿನ ಒಬ್ಬ ಹೆಂಗಸು ಬಂದು ಎಲ್ಲ ಹೇಳಿ, ಕೊನೆಗೆ "ನಾನು ಮನೆಗೆ ಹೋಗುತ್ತೇನೆ, ಮಕ್ಕಳಿಗೆ ಅಡುಗೆ ಆಗಬೇಕು" ಅಂತ ಎದ್ದರೆ ಏನು ಮಾಡುತ್ತೀಯ? ತಡೆಯುತ್ತೀಯಾ? ಬೈಯುತ್ತೀಯಾ? ಸಿಟ್ಟು ನಿನಗೆ ಬಂದೇ ಬರುತ್ತದೆ, ಆದರೆ ಅದು ಯಾರ ಮೇಲಿನ ಸಿಟ್ಟು ಅಂತ ನಿನಗೆ ಗೊತ್ತಿರಬೇಕು. ನನ್ನ ಕೈಕೆಳಗೆ ಬಂದ ಮಕ್ಕಳಲ್ಲಿ ಕೆಲವರು ಇಂಥ ಒಂದು ಕೇಸು ಬಂದ ಮೇಲೆ ಬರುವುದನ್ನೇ ನಿಲ್ಲಿಸಿದ್ದಾರೆ. ಒಳ್ಳೆಯ ಮಕ್ಕಳು. ಅವರ ಮನೆಯ ಗಾಯ ಹಸಿ ಇತ್ತು, ಯಾರೂ ಮುಂಚೆ ಅದರ ಬಗ್ಗೆ ಮಾತಾಡಿಸಿರಲಿಲ್ಲ. ನಿನಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಇನ್ನೊಂದು, ಇದು ಮುಖ್ಯ. ಇದು ಅಮ್ಮನ ಬದುಕು. ಅರ್ಜಿಯಲ್ಲಿ ಬರೆಯುವ ಮುಂಚೆ ಅವರನ್ನು ಕೇಳಿದ್ದೀಯಾ? ಕೇಳಿಲ್ಲ ಅಂದರೆ ಈ ಸಲ ಕೇಳು. ಬೇಡ ಅಂದರೆ ಬರೆಯಬೇಡ. ಈ ಕೆಲಸದಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವ ಮುಂಚೆ ಅವರ ಒಪ್ಪಿಗೆ ಕೇಳುತ್ತೇವೆ, ಅದನ್ನು ಮನೆಯಿಂದಲೇ ಶುರು ಮಾಡು. ಅವರು ಹೂಂ ಅಂದರೆ ಮನೆಯ ವಿಷಯ ಎರಡು ಮೂರು ಸಾಲು, ಅಷ್ಟು ಸಾಕು. ಖಾರ ಹಾಕಬೇಡ. ಉಳಿದ ಜಾಗವನ್ನು ಆ ಚೌಕಿಗೆ ಕೊಡು. ನೀನು ಬರೆದದ್ದರಲ್ಲಿ ನನಗೆ ಬೆಲೆಯುಳ್ಳದ್ದು ಅನ್ನಿಸಿದ್ದು "ಎನ್‌ಸಿ ಬರೆದುಕೊಂಡು ಮನೆಗೆ ಕಳಿಸಿದರು" ಅನ್ನುವ ಒಂದು ಸಾಲು. ಎನ್‌ಸಿ ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲಾರದ ದೂರು. ಗಂಡನ ಕ್ರೌರ್ಯಕ್ಕೆ ಬೇರೆ ಕಲಮು ಇದೆ. ಮೊದಲು 498ಎ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85. ಅಲ್ಲಿ ಪೊಲೀಸರು ಎಫ್‌ಐಆರ್ ಹಾಕಬಹುದಿತ್ತು. ಯಾಕೆ ಹಾಕಲಿಲ್ಲ? ಅಮ್ಮನಿಗೆ ಕೇಸು ಬೇಕಿತ್ತಾ, ಹೊಡೆಯುವುದು ನಿಂತರೆ ಸಾಕಿತ್ತಾ? ಆ ಚೀಟಿ ಹಿಡಿದು ಹೊರಗೆ ಬಂದಾಗ ಯಾರಾದರೂ ಮುಂದಿನ ದಾರಿ ಹೇಳಿದ್ದರೆ ಏನಾಗುತ್ತಿತ್ತು? ಅದನ್ನು ಯೋಚಿಸಿ ಬರೆ. ಆಗ ಸಂದರ್ಶನದಲ್ಲಿ ಕೇಳುವುದೂ ಅದನ್ನೇ. ಆದರೂ ಮನೆಯ ಪ್ರಶ್ನೆ ಬಂದು ಗಂಟಲು ಕಟ್ಟಿದರೆ "ಒಂದು ನಿಮಿಷ ಕೊಡಿ" ಅನ್ನು. ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ, ಕಳೆಯಬಾರದು ಕೂಡ. ಅದಕ್ಕೂ ಮುಂಚೆ ಯಾರಾದರೂ ಕೌನ್ಸೆಲರ್ ಹತ್ತಿರ ಇದನ್ನು ಮಾತಾಡಿ ನೋಡು. ಟೆಲಿ-ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮೀರಾ ರೋಡ್: ಮೇಡಂ ಹೇಳಿದ್ದು ಸರಿ, ಆದರೆ ನನ್ನದೊಂದು ಅಭಿಪ್ರಾಯ. ಸೇವೆ ಮಾಡುವ ಮನಸ್ಸಿದ್ದರೆ ಡಿಗ್ರಿ ಯಾಕೆ? ನಮ್ಮ ಸಂಘದಿಂದ ಪ್ರತಿ ಜೂನ್‌ನಲ್ಲಿ ಕನ್ನಡ ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ. ನಮ್ಮಲ್ಲಿ ಯಾರೂ ಎಂಎಸ್‌ಡಬ್ಲ್ಯು ಅಲ್ಲ.

ಚೆಂಬೂರ್: ನೋಟ್‌ಬುಕ್ ಹಂಚಿ, ಒಳ್ಳೆಯದೇ. ಆದರೆ ಎರಡೂ ಒಂದೇ ಅನ್ನಬೇಡಿ. ನಮ್ಮ ಅತ್ತೆಗೆ ಕ್ಯಾನ್ಸರ್ ಆದಾಗ ಯಾವ ಫಂಡಿಗೆ ಯಾವ ಕಾಗದ, ರೇಷನ್ ಕಾರ್ಡಲ್ಲಿ ಹೆಸರು ತಪ್ಪಿದ್ದರೆ ಏನು ಮಾಡಬೇಕು, ಕಿಮೋ ಬೇಡ ಅಂತ ಅವರು ಹಟ ಹಿಡಿದಾಗ ಹೇಗೆ ಮಾತಾಡಬೇಕು, ಎಲ್ಲ ಮಾಡಿದ್ದು ಆಸ್ಪತ್ರೆಯ ಸೋಶಿಯಲ್ ವರ್ಕರ್. ಅದು ಕಲಿತು ಬರುವ ಕೆಲಸ.

ಮೀರಾ ರೋಡ್: ನಾನು ಅವರ ಕೆಲಸ ಕಮ್ಮಿ ಅಂದೆನಾ? ಮಾತು ತಿರುಚಬೇಡಿ.

ವಾಶಿ: ಇಬ್ಬರಿಗೂ. ಕೊನೆಗೆ ಸಂಬಳ ಎಷ್ಟು, ಅದು ಹೇಳಿ. ಎಂಎಸ್‌ಡಬ್ಲ್ಯು ಮಾಡಿ ಎಚ್‌ಆರ್‌ಗೆ ಹೋಗುವುದೇ ಜಾಣತನ.

ಚೆಂಬೂರ್: ಎಚ್‌ಆರ್ ಬೇಕಿದ್ದವರು ಎಂಬಿಎ ಮಾಡಲಿ. ಸೀಟು ಯಾಕೆ ಹಾಳು ಮಾಡಬೇಕು?

ವಾಶಿ: ಹಾಳಾ? ಕಾರ್ಖಾನೆ ಕಾಯ್ದೆ ಓದಿದ್ದೀರಾ? 1948ರ ಆ ಕಾಯ್ದೆಯಲ್ಲಿ 500 ಅಥವಾ ಜಾಸ್ತಿ ಕಾರ್ಮಿಕರಿದ್ದರೆ ವೆಲ್ಫೇರ್ ಆಫೀಸರ್ ಇರಲೇಬೇಕಿತ್ತು. ನಾನು ಆ ಕೆಲಸ ಮಾಡಿದವನು. ಕ್ಯಾಂಟೀನು, ಶಿಶುವಿಹಾರ, ರಜೆ, ಎಲ್ಲದಕ್ಕೂ ಓಡಾಡಿದ್ದೇನೆ. ಗೊತ್ತಿಲ್ಲದೆ ಮಾತಾಡಬೇಡಿ.

ಮೀರಾ ರೋಡ್: ಹಾಗಾದರೆ ನಾನು ಹೇಳಿದ್ದೇ ಸರಿ, ಸೇವೆ ಬೇರೆ ನೌಕರಿ ಬೇರೆ.

ಮೇಡಂ: ಪ್ರಶ್ನೆ ಕೇಳಲು ಬಂದ ಮಕ್ಕಳು ಕಾಯುತ್ತಿದ್ದಾರೆ. ವಾಶಿಯವರು ಹೇಳಿದ ಕಾಯ್ದೆ ಸರಿ ಇದೆ. ಇಲ್ಲಿಗೆ ಬಿಡಿ.

ಧಾರಾವಿ: ಮೇಡಂ, ನಾವು ಒಬಿಸಿ. ಅಪ್ಪನ ಜಾತಿ ಸರ್ಟಿಫಿಕೇಟ್ ಕಲಬುರಗಿಯದು. ಮುಂಬೈ ಕಾಲೇಜಿನಲ್ಲಿ ಅದು ನಡೆಯಲ್ಲ ಅಂದರು, ಜನರಲ್‌ನಲ್ಲಿ ಹಾಕಿದರು, ಸೀಟು ಹೋಯಿತು. ನಾನು ಇಲ್ಲೇ ಹುಟ್ಟಿದವಳು.

ಮೇಡಂ: ಇದು ನಮ್ಮವರಿಗೆ ಮತ್ತೆ ಮತ್ತೆ ಆಗುವ ತೊಂದರೆ. ಮಹಾರಾಷ್ಟ್ರದ ಮೀಸಲು ಸೀಟಿಗೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕು, ಜೊತೆಗೆ ಅದು ಸರಿ ಅಂತ ಪರಿಶೀಲಿಸಿ ಕೊಡುವ ವ್ಯಾಲಿಡಿಟಿ ಸರ್ಟಿಫಿಕೇಟ್. ನಿಮ್ಮ ಜಾತಿ ಇಲ್ಲಿನ ಪಟ್ಟಿಯಲ್ಲೂ ಇರಬೇಕು, ಮನೆತನ ಒಬಿಸಿಗೆ 13 ಅಕ್ಟೋಬರ್ 1967ರ ಮುಂಚೆಯೇ ಇಲ್ಲಿ ನೆಲೆಸಿರಬೇಕು. ಎಸ್‌ಸಿ ಆದರೆ 10 ಆಗಸ್ಟ್ 1950. ನೀವು ಇಲ್ಲಿ ಹುಟ್ಟಿದ್ದು ಮಾತ್ರ ಸಾಕಾಗುವುದಿಲ್ಲ. ಅಜ್ಜ ಯಾವಾಗ ಬಂದರು? ಮಿಲ್ಲಿನಲ್ಲಿ ಇದ್ದರಾ? ಹಳೇ ಸರ್ವಿಸ್ ಕಾಗದ, ಶಾಲೆ ಬಿಟ್ಟ ದಾಖಲೆ, ಬಾಡಿಗೆ ರಸೀದಿ ಹುಡುಕಿ, ಟ್ರಂಕಿನ ತಳದಲ್ಲಿ ಇರುತ್ತವೆ. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಆಗುತ್ತದೆ, ಪ್ರವೇಶ ಶುರುವಾದ ಮೇಲೆ ಓಡಬೇಡಿ. ಟಿಸ್‌ನದ್ದು ಕೇಂದ್ರದ ಲೆಕ್ಕ: ಕೇಂದ್ರದ ಪಟ್ಟಿ, ಕೇಂದ್ರದ ನಮೂನೆ, ಹೊಸ ನಾನ್-ಕ್ರೀಮಿ ಲೇಯರ್ (ಒಬಿಸಿಯಲ್ಲಿ ಮುಂದುವರಿದವರಲ್ಲ ಅನ್ನುವ) ಸರ್ಟಿಫಿಕೇಟ್. ಹಳೇ ವರ್ಷದ್ದು ಕೊಟ್ಟು ಕಳೆದುಕೊಂಡವರು ತುಂಬಾ ಜನ.

ಮಡಗಾಂವ್: ಗೋವಾದಲ್ಲಿ ಎಲ್ಲಿದೆ ಮೇಡಂ?

ಮೇಡಂ: ಪಣಜಿಯ ಡಾನ್ ಬಾಸ್ಕೊ ಕಾಲೇಜು ನೋಡಿ.

ಪಿಂಪ್ರಿ: ಎಂಎಸ್‌ಡಬ್ಲ್ಯುಗೆ ವಯಸ್ಸಿನ ಮಿತಿ ಇದೆಯಾ? ನನಗೆ 41.

ಸಾಂತಾಕ್ರೂಜ್: ನಾನು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದಿ ಡಿಗ್ರಿ ಮಾಡಿದ್ದು. ಕೆಲಸ ಬಿಡಲಾಗುವುದಿಲ್ಲ. ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದ ಎಂಎಸ್‌ಡಬ್ಲ್ಯು ನಡೆಯುತ್ತದಾ?

ಮೇಡಂ: ನಡೆಯುತ್ತದೆ. ಅದು ನಕಲಿ ಅಲ್ಲ, ಎರಡು ವರ್ಷ, ನಾಲ್ಕು ವರ್ಷದವರೆಗೆ ಮುಗಿಸಬಹುದು. ಆದರೆ ಅಲ್ಲೂ ಫೀಲ್ಡ್‌ವರ್ಕ್ ಇದೆ, ಡೈರಿ ಬರೆಯಬೇಕು. ಮಾಲೀಕರ ಹತ್ತಿರ ವಾರದ ರಜೆಯ ಮಾತು ಮುಂಚೆಯೇ ಆಡಿಕೊಳ್ಳಿ. ಮರಾಠಿ ಚೆನ್ನಾಗಿ ಬರುತ್ತದಾ? ಇಲ್ಲಿ ಅದಿಲ್ಲದೆ ಫೀಲ್ಡಿನಲ್ಲಿ ಕೈಕಟ್ಟಿದ ಹಾಗೆ.

ಭಾಂಡುಪ್: ಮೇಡಂ, ಇನ್ನೊಂದು ಮೆಸೇಜ್ ಬಂದಿದೆ. ಒಬ್ಬರು ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡುತ್ತಾರಂತೆ, ಮೊದಲು ಅರ್ಧ ದುಡ್ಡು.

ಮೇಡಂ: ಮಾರಾಯ್ರೇ, ಎಷ್ಟು ಸಲ ಹೇಳಬೇಕು. ಕೊಡಬೇಡಿ. ಶುಲ್ಕ ಕಟ್ಟುವುದು ಕಾಲೇಜಿನ ಕೌಂಟರಿನಲ್ಲಿ ಅಥವಾ ಕಾಲೇಜಿನ ಸೈಟಿನಲ್ಲಿ, ರಸೀದಿ ತಗೊಂಡು. ಯಾರದೋ ಫೋನಿಗೆ ಕಳಿಸುವುದಲ್ಲ.

ಮೀರಾ ರೋಡ್: ಅವರು ಕೇಳಿದ್ದಷ್ಟೇ, ಹೀಗೆ ಗದರಿಸುವುದು ಸರಿಯಲ್ಲ.

ಚೆಂಬೂರ್: ಗದರದಿದ್ದರೆ ನಾಳೆ ಯಾರೋ ಬಡವರ ದುಡ್ಡು ಹೋಗುತ್ತದೆ. ನಿಮಗೇನು?

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಮುಂದಿನದನ್ನು ಡಿಲೀಟ್ ಮಾಡುತ್ತೇನೆ.

ಉಲ್ಲಾಸನಗರ: ಬಿಎ ಆದವರು ಎಂಎಸ್‌ಡಬ್ಲ್ಯು ಮಾಡಬಹುದಾ?

ಥಾಣೆ: ಮೇಡಂ, ಮಗಳನ್ನು ಕೇಳಿದೆ. ಗುಂಪು ಚರ್ಚೆಯಲ್ಲಿ ಬಾಯೇ ಬಿಡಲಿಲ್ಲವಂತೆ.

ಮೇಡಂ: ಹಾಗಾದರೆ ಕೆಲಸ ಅಲ್ಲಿದೆ. ದಿನಾ ಒಂದು ಪತ್ರಿಕೆ, ಅದರಲ್ಲಿ ಒಂದು ಸುದ್ದಿ, ಅದರ ಬಗ್ಗೆ ನಿಮ್ಮ ಎದುರು ಎರಡು ನಿಮಿಷ ಮಾತಾಡಲಿ. ಮಧ್ಯೆ ನೀವು ಒಪ್ಪದೆ ವಾದ ಮಾಡಿ.

ಕಳವಾ: ಅಕ್ಕಾ, ಮೆಸೇಜ್ ಮಾಡಿದ್ದೇನೆ. ಅಮ್ಮನ ಹತ್ತಿರ ಕೇಳಿದೆ. ಕೇಸು ಈಗ ಬೇಡ, ಮಾತಾಡಲು ಬರುತ್ತೇನೆ ಅಂದರು. ಚೌಕಿಯ ವಿಷಯ ಬರೆದುಕೋ, ಮನೆಯೊಳಗಿನದು ಬೇಡ ಅಂದರು.

ಮೇಡಂ: ಓದಿದೆ. ಸೆಲ್ ಎಲ್ಲಿದೆ, ಯಾವ ಹೊತ್ತಿಗೆ ಹೋಗಬೇಕು ಅಂತ ಅಲ್ಲೇ ಬರೆದಿದ್ದೇನೆ. ಆ ಎನ್‌ಸಿಯ ಪ್ರತಿ ಇದ್ದರೆ ತಗೊಂಡು ಹೋಗಿ, ಇಲ್ಲದಿದ್ದರೂ ಹೋಗಿ. ಮಾತಾಡುವಾಗ ಅಮ್ಮ ಒಳಗೆ ಒಬ್ಬರೇ ಕೂರಲಿ, ನೀನು ಹೊರಗೆ ಬೆಂಚಿನ ಮೇಲಿರು. ಅರ್ಜಿಯ ಹೊಸ ಬರಹ ಆದ ಮೇಲೆ ಕಳಿಸು, ಓದುತ್ತೇನೆ.