ಹುಬ್ಬಳ್ಳಿ-ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಸಾಕೋದು ಹೇಗ್ರೀ?

ಸಪ್ತಾಪುರ_ಸವಾರ

ನಮಸ್ಕಾರ. ಮನೆ ಧಾರವಾಡ, ಅಂಗಡಿ ಹುಬ್ಬಳ್ಳಿ. ದಿನಾ ಹೋಗಿ ಬರುವವನು.

ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2017ರ ಫೋರ್ಡ್ ಮಸ್ಟಾಂಗ್ ಜಿಟಿ ನೋಡಿ ಬಂದೆ. ಕೆಂಪು ಬಣ್ಣ, ದೆಹಲಿ ನಂಬರ್, ಓಡಿದ್ದು 20 ಸಾವಿರ ಕಿ.ಮೀ.ಗಿಂತ ಕಡಿಮೆ. 2016ರಲ್ಲಿ ಈ ಗಾಡಿ ನಮ್ಮ ದೇಶಕ್ಕೆ ಬಂದಾಗ ಎಕ್ಸ್ ಶೋರೂಂ 65 ಲಕ್ಷ ಇತ್ತು. ಇವರು ಈಗ ಕೇಳುತ್ತಿರುವುದು ಅದಕ್ಕಿಂತ ಬಹಳ ಕಡಿಮೆಯೇನೂ ಅಲ್ಲ. ಆದರೂ ಸ್ಟಾರ್ಟ್ ಮಾಡಿದಾಗ ಬಂದ ಸದ್ದು ಇನ್ನೂ ಕಿವಿಯಿಂದ ಹೋಗಿಲ್ಲ.

ಮನೆಯಲ್ಲಿ ಇದೇ ದುಡ್ಡಿಗೆ ನವನಗರದ ಕಡೆ ಸೈಟ್ ನೋಡೋಣ ಅನ್ನುತ್ತಿದ್ದಾರೆ. ಅವರ ಮಾತಲ್ಲೂ ತಪ್ಪಿಲ್ಲ ಬಿಡಿ. ಹಾಗಾಗಿ ನಿಜವಾಗಿ ಇಟ್ಟುಕೊಂಡವರನ್ನೇ ಕೇಳೋಣ ಅಂತ ಬಂದೆ. ನಮ್ಮ ರಸ್ತೆಗೆ ತಳ ಹತ್ತುತ್ತದಾ? ಫೋರ್ಡ್ ಇಲ್ಲಿ ಕಾರು ಮಾಡುವುದು ನಿಲ್ಲಿಸಿದ ಮೇಲೆ ಸರ್ವಿಸ್ ಎಲ್ಲಿ? ಈಗ ಎಲ್ಲ ಬಂಕ್‌ನಲ್ಲೂ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಅದು ನಡೆಯುತ್ತದಾ? ಯೂಟ್ಯೂಬ್ ನೋಡಿ ಹೇಳುವವರು ದಯವಿಟ್ಟು ಬೇಡ.

ಗೋಕುಲ_ವಿ8

ನನ್ನ ಹತ್ತಿರ ಇದೇ ಗಾಡಿ ಇದೆ. ಎರಡನೇ ಮಾಲೀಕ ನಾನು. ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದೇ ಈ ಕಾರಿನಲ್ಲಿ ಅತ್ಯಂತ ಗಟ್ಟಿ ಭಾಗ. 5 ಲೀಟರಿನ ಕೊಯೋಟಿ ವಿ8, ಟರ್ಬೊ ಇಲ್ಲ, ಆ ವರ್ಷದ್ದರಲ್ಲಿ ಮಾಮೂಲಿ ಪೋರ್ಟ್ ಇಂಜೆಕ್ಷನ್. ಅಮೆರಿಕದಲ್ಲಿ 435 ಹಾರ್ಸ್‌ಪವರ್ ಕೊಡುವ ಎಂಜಿನ್ ಇಲ್ಲಿಗೆ ಬಂದಾಗ 395ರ ಆಸುಪಾಸು. ಬೇಜಾರು ಬೇಡ, ನಮ್ಮೂರಿನಲ್ಲಿ ಅದರ ಕಾಲು ಭಾಗವೂ ಬಳಸಲು ಜಾಗ ಸಿಗುವುದಿಲ್ಲ. ಚೆನ್ನಮ್ಮ ಸರ್ಕಲ್ ಹತ್ತಿರ ಫ್ಲೈಓವರ್ ಕೆಲಸದ ಜಾಮ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತಾಗಲೂ ಟೆಂಪರೇಚರ್ ಮುಳ್ಳು ಅಲುಗಿಲ್ಲ. ಅಲುಗಿದ್ದು ಪೆಟ್ರೋಲ್ ಮುಳ್ಳು. ಊರೊಳಗೆ ಲೀಟರಿಗೆ ನಾಲ್ಕೋ ಐದೋ, ಹೈವೇಯಲ್ಲಿ ಸಮಾಧಾನವಾಗಿ ಹೋದರೆ ಎಂಟರ ಹತ್ತಿರ. ಟ್ಯಾಂಕ್ 60 ಲೀಟರ್ ಚಿಲ್ಲರೆ. ಲೆಕ್ಕ ನೀವೇ ಹಾಕಿ.

ತಳದ ವಿಷಯಕ್ಕೆ ಬರುತ್ತೇನೆ. ಹತ್ತುತ್ತದೆ. ಗುಂಡಿಗಿಂತ ಹಂಪ್‌ಗಳ ಕಾಟ ಜಾಸ್ತಿ. ಓಣಿಯವರು ರಾತ್ರೋರಾತ್ರಿ ಸಿಮೆಂಟ್ ಹಾಕಿ ಮಾಡಿರುತ್ತಾರಲ್ಲ, ಚೂಪಾಗಿ, ಬಣ್ಣವೂ ಬಳಿಯದೆ, ಅಂಥವು. ಮುಂದಿನ ಬಂಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಮೊದಲು ಮುಟ್ಟುತ್ತದೆ, ಅದು ಬಾಗುತ್ತದೆ, ಅಷ್ಟಕ್ಕೇ ಹೆದರಬೇಕಾಗಿಲ್ಲ. ನಿಜವಾದ ಕಷ್ಟ ಎರಡು ಚಕ್ರದ ನಡುವೆ. ವೀಲ್‌ಬೇಸ್ 2.7 ಮೀಟರ್ ಇರುವುದರಿಂದ ಮುಂದಿನ ಚಕ್ರ ಇಳಿದ ಮೇಲೆ ಹಂಪಿನ ತಲೆ ಹೊಟ್ಟೆಗೆ ಬರುತ್ತದೆ. ಅದಕ್ಕೆ ಅಡ್ಡಡ್ಡ ಹತ್ತಿಸಬೇಕು: ಎಡಗಡೆ ಮುಂದಿನ ಚಕ್ರ ಮೊದಲು, ಆಮೇಲೆ ಬಲಗಡೆಯದು, ಹಿಂದಿನವೂ ಹಾಗೇ ಒಂದೊಂದಾಗಿ. ಹಿಂದಿದ್ದ ಆಟೋದವನು ಅಷ್ಟೊತ್ತಿಗೆ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿರುತ್ತಾನೆ. ನನ್ನ ಗಾಡಿಯ ಅಡಿ ಶೀಲ್ಡ್ ಒಮ್ಮೆ ಹೀಗೇ ಹರಿದು, ಮನೆ ತನಕ ಟಪಟಪ ಬಡಿಯುತ್ತಾ ಬಂತು.

ಇನ್ನು ಅಗಲ. ಕನ್ನಡಿ ಬಿಟ್ಟೇ 1.9 ಮೀಟರ್. ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಬೇರೆ ದಾರಿ ಇರುವ ವ್ಯವಸ್ಥೆ, ಬಂದ ಮೇಲೆ ನಡುವಿನ ದಾರಿ ಅದರ ಚಿಗರಿ ಬಸ್ಸಿಗೆ ಹೋಯಿತು. ಪಕ್ಕದ ಲೇನ್‌ನಲ್ಲಿ ಟಂಟಂ, ಬೈಕು, ನಾವು. ದುರ್ಗದಬೈಲ್ ಕಡೆ ತಗೊಂಡು ಹೋಗುವ ಯೋಚನೆಯೇ ಬೇಡ. ಎರಡೇ ಬಾಗಿಲು ಇರುವುದರಿಂದ ಅವು ಉದ್ದ, ಇಕ್ಕಟ್ಟಿನಲ್ಲಿ ನಿಲ್ಲಿಸಿದರೆ ಇಳಿಯಲು ಆಗುವುದಿಲ್ಲ. ದಿನಾ ಅಂಗಡಿಗೆ ಅಂದಿರಲ್ಲ, ನನ್ನ ಕೇಳಿದರೆ ಬೇಡ. ಭಾನುವಾರ ಬೆಳಿಗ್ಗೆ ಕಲಘಟಗಿ, ಯಲ್ಲಾಪುರದ ಕಡೆ ತಗೊಂಡು ಹೋಗಿ, ಆಗ ಕೊಟ್ಟ ದುಡ್ಡು ನೆನಪಿಗೇ ಬರುವುದಿಲ್ಲ.

ಕೇಶ್ವಾಪುರ_ಕಾಗದಪತ್ರ

ಎಲ್ಲರೂ ಹಂಪ್ ಬಗ್ಗೆ ಮಾತಾಡುತ್ತಾರೆ, ಕಾಗದದ ಬಗ್ಗೆ ಯಾರೂ ಮಾತಾಡುವುದಿಲ್ಲ. ದೆಹಲಿ ನಂಬರ್ ಅಂದಿರಿ. ಅಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷದ ಮಿತಿ, ಆದ್ದರಿಂದ 2017ರದ್ದಕ್ಕೆ ಆ ಭಯ ಇಲ್ಲ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರ್ಮ್ 28 ಬೇಕು. ಹೆಸರು ಬದಲಾಯಿಸಲು 29, 30. ಸಾಲ ಇದ್ದಿದ್ದರೆ ಬ್ಯಾಂಕಿನ ಫಾರ್ಮ್ 35. ಬೇರೆ ರಾಜ್ಯದ ನಂಬರ್‌ನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಇಲ್ಲಿನ ನಂಬರ್ ತಗೊಳ್ಳಲೇಬೇಕು. ನೀವು ಧಾರವಾಡದವರಾದರೆ ಕೆಎ 25.

ದುಡ್ಡು ಹೋಗುವುದು ಆಜೀವ ತೆರಿಗೆಗೆ. ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಹೊಸ ಕಾರಿಗೆ 18%. 65 ಲಕ್ಷಕ್ಕೆ 11.7 ಲಕ್ಷ ಆಯಿತು, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಅದರ ಮೊದಲ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಡೀಲರ್ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. "ಟ್ರಾನ್ಸ್‌ಫರ್ ಎಲ್ಲ ನಾವೇ ಮಾಡಿಸುತ್ತೇವೆ ಸರ್" ಅಂದರೆ ತೆರಿಗೆ ಸೇರಿ ತಾನೇ ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಇನ್ನೊಂದು. ಮೊದಲ ಇನ್‌ವಾಯ್ಸ್ ನೋಡಿ. ಕಂಪನಿಯೇ ತರಿಸಿ ಮಾರಿದ ಮಸ್ಟಾಂಗ್ ಆದರೆ ಇಲ್ಲಿನ ಷೋರೂಂ ಬಿಲ್ ಇರುತ್ತದೆ. ಚಾಸಿ ನಂಬರ್ 1ರಿಂದ ಶುರುವಾಗಬೇಕು, ಯಾಕೆಂದರೆ ಇವೆಲ್ಲ ಮಿಷಿಗನ್‌ನ ಫ್ಲಾಟ್ ರಾಕ್ ಕಾರ್ಖಾನೆಯಲ್ಲಿ ಆಗಿದ್ದು. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಭಾಗ 7,897 ರೂ. ಮತ್ತು ಜಿಎಸ್‌ಟಿ ಅಷ್ಟೇ, 1500 ಸಿಸಿ ಮೇಲಿನ ಎಲ್ಲ ಕಾರಿಗೂ ಅದೇ ದರ. ಜೇಬು ಸುಡುವುದು ಸ್ವಂತ ಗಾಡಿಯ ಹಾನಿಯ ಭಾಗ. ಟೋಕನ್ ಕೊಡುವ ಮೊದಲೇ ಕೋಟ್ ತರಿಸಿ.

ಗದಗ_ಗಾಳಿ

ಎಲ್ಲರೂ ಸೇರಿ ಪಾಪ ಅವರನ್ನು ಹುರಿದುಂಬಿಸುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ. ನನ್ನ ಸೋದರಮಾವನ ಮಗ ಇಂಥದ್ದೇ ಗಾಡಿ ತಂದ. ಗದಗದಲ್ಲಿ ನಿಲ್ಲಿಸಿದಲ್ಲೆಲ್ಲ ಜನ. ಒಬ್ಬ ಬಾನೆಟ್ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆಸುತ್ತಾನೆ, ಇನ್ನೊಬ್ಬ "ಎಷ್ಟು ಕೊಡುತ್ತೆ" ಅಂತ ಮೈಲೇಜ್ ಕೇಳುತ್ತಾನೆ. ಹಿಂದಿನ ಸೀಟು ಹೆಸರಿಗೆ ಮಾತ್ರ, ಅವನ ತಾಯಿ ಒಮ್ಮೆ ಕೂತು ಇಳಿಯಲು ಇಬ್ಬರು ಕೈ ಹಿಡಿಯಬೇಕಾಯಿತು. ಒಂದು ಮದುವೆಗೆ ಹೋಗಬೇಕಾದರೆ ಹಿಂದೆ ಇನ್ನೊಂದು ಕಾರು ಬೇಕು.

ಕೊನೆಗೆ ತಿಂಗಳುಗಟ್ಟಲೆ ನಿಂತೇ ಇತ್ತು. ಬ್ಯಾಟರಿ ಸತ್ತಿತು. ಮಳೆಗಾಲದಲ್ಲಿ ಇಲಿ ವೈರಿಂಗ್ ಕಡಿಯಿತು. ಅದನ್ನು ಸರಿ ಮಾಡಲು ಬಿಚ್ಚಿದ ಗ್ಯಾರೇಜಿನವನು ಮತ್ತೆ ಜೋಡಿಸುವಷ್ಟರಲ್ಲಿ ಸೀಸನ್ ಮುಗಿಯಿತು. ಅದೇ ದುಡ್ಡಿಗೆ ಒಳ್ಳೇ ಎಸ್‌ಯುವಿ ತಗೊಂಡು ಉಳಿದದ್ದನ್ನು ಸೈಟಿಗೆ ಹಾಕಿ ಅನ್ನೋದೇ ನನ್ನ ಅಭಿಪ್ರಾಯ. ಬೈಯಬಹುದು.

ಗೋಕುಲ_ವಿ8

ಗದಗದವರೇ, ನಿಮ್ಮ ಮಾತು ಸುಳ್ಳಲ್ಲ, ಆದರೆ ನಿಲ್ಲಿಸಿಟ್ಟರೆ ಎಂಥ ಗಾಡಿಯೂ ಹಾಳಾಗುತ್ತದೆ. ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿಡಿ, ವಾರಕ್ಕೊಮ್ಮೆಯಾದರೂ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ.

ಸರ್ವಿಸ್ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿ ನಿಲ್ಲಿಸುತ್ತೇವೆ ಅಂದಾಗ ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುತ್ತೇವೆ ಅಂತಲೂ ಹೇಳಿತ್ತು. ಆದರೆ ಮಸ್ಟಾಂಗ್‌ನ ಲೈಟು, ಬಂಪರ್ ಥರದ್ದು ಬೇಕಾದರೆ ಹೊರಗಿಂದ ಬರಬೇಕು, ಕಾಯಬೇಕು, ಕಸ್ಟಮ್ಸ್ ಕಟ್ಟಬೇಕು. ಮಾಮೂಲಿ ಕೆಲಸಕ್ಕೆ ಅಷ್ಟು ಕಷ್ಟ ಇಲ್ಲ. ಇದರ 6 ಸ್ಪೀಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ 6ಆರ್80. ಅದೇ ಕುಟುಂಬದ್ದು 3.2 ಲೀಟರಿನ ಎಂಡೆವರ್‌ನಲ್ಲೂ ಇತ್ತು. ಗೇರ್‌ಬಾಕ್ಸ್ ಎಣ್ಣೆ ಮರ್ಕಾನ್ ಎಲ್‌ವಿ. ಹಾಗಾಗಿ ಎಂಡೆವರ್ ಕೈಯಾಡಿಸಿದ ಮೇಸ್ತ್ರಿಯನ್ನು ಹುಡುಕಿ. ಎಂಜಿನ್ ಆಯಿಲ್ 5ಡಬ್ಲ್ಯು20, ಹೆಚ್ಚುಕಡಿಮೆ 7.6 ಲೀಟರ್. ಗ್ಯಾರೇಜಿನವರು ಕ್ಯಾನ್ ನೋಡಿ "ಇಷ್ಟಾ?" ಅನ್ನುತ್ತಾರೆ. ಅಷ್ಟೇ. ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸುವ ಒಂದು ಒಬಿಡಿ ಅಡಾಪ್ಟರ್ ತಗೊಂಡು ಫೋನಿನಲ್ಲಿ ಫೋರ್‌ಸ್ಕ್ಯಾನ್ ಆ್ಯಪ್ ಹಾಕಿಕೊಂಡರೆ ಎರರ್ ಕೋಡ್ ನೀವೇ ಓದಬಹುದು, ಸುಮ್ನೆ ಸೆನ್ಸರ್ ಬದಲಾಯಿಸುವ ಖರ್ಚು ಉಳಿಯುತ್ತದೆ.

ಸಪ್ತಾಪುರ_ಸವಾರ

ಎಲ್ಲರಿಗೂ ಥ್ಯಾಂಕ್ಸ್. ತೆರಿಗೆ ವಿಷಯ ಗೊತ್ತೇ ಇರಲಿಲ್ಲ, ಡೀಲರ್‌ಗೆ ಫೋನ್ ಮಾಡಿ ಕೇಳಿದರೆ "ಅದು ನಿಮ್ಮ ಕಡೆಯಿಂದ ಸರ್" ಅಂದ. ಬೆಲೆ ಮಾತಾಡಲು ನನಗೊಂದು ಹಿಡಿ ಸಿಕ್ಕಿತು. ದಿನಾ ಓಡಿಸುವ ಯೋಚನೆ ಬಿಟ್ಟೆ. ಇ20 ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ಒಬ್ಬ ಗೆಳೆಯ ಮಸ್ಟಾಂಗ್ ಯಾಕೆ, ಹಳೇ ಕ್ಯಾಮರೊ ಹುಡುಕು ಅನ್ನುತ್ತಿದ್ದಾನೆ.

ಬ್ಯಾಡಗಿ_ಖಾರ

ಹಾವೇರಿ ಕಡೆಯವನು. ಕ್ಯಾಮರೊ ಬಿಡಿ. ಷೆವ್ರೊಲೆ ಅದನ್ನು ಇಲ್ಲಿ ಮಾರಲೇ ಇಲ್ಲ, ಬಲಗಡೆ ಸ್ಟೇರಿಂಗ್ ಕಾರ್ಖಾನೆಯಿಂದ ಬರುವುದಿಲ್ಲ. ಅದೇ ಕಂಪನಿಯ ಕಾರ್ವೆಟ್‌ಗೂ ಬಲಗಡೆ ಸ್ಟೇರಿಂಗ್ ಬಂದಿದ್ದು ಸಿ8, ಅಂದರೆ ಎಂಟನೇ ತಲೆಮಾರಿನಿಂದ. ಮಸ್ಟಾಂಗ್‌ಗೆ 2015ರಿಂದ ಕಂಪನಿಯೇ ಬಲಗಡೆ ಕೊಟ್ಟಿದೆ. ನಮಗೆ ಕಾನೂನುಬದ್ಧವಾಗಿ, ಕಿರಿಕಿರಿ ಇಲ್ಲದೆ ಸಿಗುವ ಅಮೆರಿಕನ್ ಸ್ಪೋರ್ಟ್ಸ್ ಕಾರು ಅಂದರೆ ಇದೊಂದೇ ಅಂತ ಇಟ್ಟುಕೊಳ್ಳಿ.

ಇ20: ಅಮೆರಿಕದ ಮ್ಯಾನುಯಲ್‌ನಲ್ಲಿ ಎಥನಾಲ್ 15% ತನಕ ಅಂತಿದೆ. ಅಂದರೆ ನಮ್ಮ ಪೆಟ್ರೋಲ್ ಆ ಗೆರೆ ದಾಟುತ್ತದೆ. ಹಾಕಿದ ಕೂಡಲೇ ಏನೂ ಆಗುವುದಿಲ್ಲ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಆದರೆ ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಆಕ್ಟೇನ್ ಬಗ್ಗೆ ಹೆದರಬೇಡಿ. ಅಮೆರಿಕದವರ 87 ಅಂದರೆ ನಮ್ಮ ಲೆಕ್ಕದಲ್ಲಿ 91ರ ಹತ್ತಿರ, ಅವರ ಅಳತೆ ಬೇರೆ. 95 ಸಿಕ್ಕರೆ ಹಾಕಿ, ಸಿಗದಿದ್ದರೆ ದಾರಿಯಲ್ಲಿ ನಿಲ್ಲುವುದಿಲ್ಲ.

ಮತ್ತೆ ನೋಡಲು ಹೋದಾಗ ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ. ಬಾನೆಟ್ ಎತ್ತಿ ಮುಂದಿನ ಅಂಚಿನ ಒಳಮಡಿಕೆಯಲ್ಲಿ ಬೆರಳಾಡಿಸಿ. ಬಾನೆಟ್ ಅಲ್ಯುಮಿನಿಯಂ, ಆ ಅಂಚಿನಲ್ಲಿ ಬಣ್ಣ ಗುಳ್ಳೆ ಏಳುವುದು ಈ ಗಾಡಿಗಳಲ್ಲಿ ಗೊತ್ತಿರುವ ತೊಂದರೆ. ದೆಹಲಿ ಗಾಡಿ ಅಂದ ಮೇಲೆ ಸೀಟಿನ ಕೆಳಗಿನ ಕಂಬಿಗೆ ತುಕ್ಕು ಇದೆಯಾ, ಕಾರ್ಪೆಟ್ ಅಡಿ ಮಣ್ಣು ಇದೆಯಾ ನೋಡಿ, ಅಲ್ಲಿ ನೀರು ನಿಲ್ಲುವ ಅಂಡರ್‌ಪಾಸ್‌ಗಳಿಗೆ ಬರ ಇಲ್ಲ.

ಟೈರ್ ಮರೆಯಬೇಡಿ. ಮುಂದೆ 255, ಹಿಂದೆ 275, ಎರಡೂ 19 ಇಂಚು, ಹಿಂದುಮುಂದು ಅದಲುಬದಲು ಮಾಡಲು ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಸ್ಟಾಕ್ ಇರುವುದು ಅನುಮಾನ, ಆರ್ಡರ್ ಹಾಕಬೇಕು. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೆರೆ ಚೆನ್ನಾಗೇ ಕಾಣುತ್ತದೆ, ಆದರೆ ರಬ್ಬರ್ ಕಲ್ಲಾಗಿರುತ್ತದೆ. 515 ಎನ್ಎಂ ಟಾರ್ಕ್ (ತಿರುಗಿಸುವ ಬಲ) ಪೂರ್ತಿ ಹಿಂದಿನ ಎರಡೇ ಚಕ್ರಕ್ಕೆ ಹೋಗುವ ಕಾರು ಇದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಂಥ ಟೈರ್ ಇದ್ದರೆ ವೆಟ್ ಮೋಡ್ ಹಾಕಿದರೂ ಹಿಂಭಾಗ ಜಾರುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2317 ಅಂತಿದ್ದರೆ 2017ರ 23ನೇ ವಾರ. ಅಂದರೆ ಕಾರಿನ ಜೊತೆ ಬಂದ ಟೈರೇ ಇನ್ನೂ ಇದೆ, ನಾಲ್ಕರ ದುಡ್ಡನ್ನೂ ಬೆಲೆಯಲ್ಲಿ ಕಡಿತ ಮಾಡಿಸಿ. ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.