ಅಪ್‌ಡೇಟ್: ಕ್ಲಚ್ ಸ್ಲಿಪ್ಪೇ ಆಗಿತ್ತು
ಹೋದ ವಾರ ಕೇಳಿದ್ದೆನಲ್ಲ, ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಇಂಜಿನ್ ಕೂಗುತ್ತೆ, ಕಾರು ಮಾತ್ರ ಎಳೆಯಲ್ಲ, ಸುಟ್ಟ ವಾಸನೆ ಬೇರೆ ಅಂತ. ನೀವು ಹೇಳಿದ ಹಾಗೆ ಕಡೂರು ರಸ್ತೆಯಲ್ಲಿ ಸಮತಟ್ಟು ಜಾಗ ನೋಡಿ, ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಆರ್‌ಪಿಎಂ ಮುಳ್ಳು ಚಂಗನೆ ಮೇಲೆ ಹೋಯಿತು, ಸ್ಪೀಡು ಅಲ್ಲೇ! ಅಂದ್ರೆ ಕ್ಲಚ್ ಹಿಡಿಯದೆ ಜಾರುತ್ತಿದೆ, ಇಂಜಿನ್ ಶಕ್ತಿ ಚಕ್ರಕ್ಕೆ ಪೂರ್ತಿ ಹೋಗ್ತಿಲ್ಲ ಅಂತ.

ಕ್ಲಚ್ ಪೆಡಲ್‌ನಲ್ಲಿ ಪ್ಲೇ (ಒತ್ತಲು ಶುರು ಮಾಡಿದಾಗ ಸಿಗುವ ಸ್ವಲ್ಪ ಸಡಿಲ) ಇರಲೇ ಇಲ್ಲ. ಕೇಬಲ್ ಸಡಿಲ ಮಾಡಿಸಿದರೂ ಸರಿಹೋಗಲಿಲ್ಲ. ಗೇರ್‌ಬಾಕ್ಸ್ ಇಳಿಸಿದರೆ ಕ್ಲಚ್ ಡಿಸ್ಕ್ ರಿವೆಟ್ ತನಕ ಸವೆದಿದೆ, ಅದು ಒತ್ತಿಕೊಳ್ಳುವ ಇಂಜಿನ್ ಚಕ್ರ ಫ್ಲೈವೀಲ್ ಮೇಲೆ ಬಿಸಿಗೆ ಆದ ನೀಲಿ ಕಲೆ. ಆಯಿಲ್ ಸೀಲ್ ಲೀಕ್ ಇರಲಿಲ್ಲ, ಸದ್ಯ, ಅದು ಬಚಾವ್. ಡಿಸ್ಕ್, ಪ್ರೆಶರ್ ಪ್ಲೇಟ್, ಬೇರಿಂಗ್ ಒಟ್ಟಿಗೇ ಹಾಕಿಸಿ, ಫ್ಲೈವೀಲ್ ಮೇಲ್ಮೈ ಸಮ ಮಾಡಿಸೋಕೆ ಲೇತ್‌ಗೆ ಕೊಟ್ಟೆ.

ತಪ್ಪು ನನ್ನದೇ ಬಿಡಿ, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಮುಟ್ಟದೆ ಹಾಫ್ ಕ್ಲಚ್‌ನಲ್ಲೇ (ಪೆಡಲ್ ಅರ್ಧ ಒತ್ತಿಕೊಂಡು) ಕಾರು ನಿಲ್ಲಿಸುತ್ತಿದ್ದೆ. ನಿನ್ನೆ ಮತ್ತೆ ಹತ್ತಿದೆ, ವಾಸನೆ ಇಲ್ಲ.