ಕಷ್ಟ ಬಂದರೆ ಅದು ದೇವರ ಶಿಕ್ಷೆ ಅಂತಲೇ ತಿಳಿಯಬೇಕಾ?

ಪ್ರಶ್ನೆ

ಯಜಮಾನರ ಕೆಲಸ ಹೋಯಿತು, ಅದರ ಹಿಂದೆಯೇ ಅಮ್ಮ ಹಾಸಿಗೆ ಹಿಡಿದರು. ಪ್ರಾರ್ಥನಾ ಕೂಟದಲ್ಲಿ ಒಬ್ಬರು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ತೆಗೆದು, ಕರ್ತನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನೆ, ಒಳಗೆ ಏನು ಪಾಪ ಇದೆ ಪರೀಕ್ಷಿಸಿಕೋ ಅಂದರು. ಅವತ್ತಿನಿಂದ ರಾತ್ರಿಯೆಲ್ಲಾ ಹಳೆಯದನ್ನು ಕೆದಕುತ್ತಾ ಕೂರುತ್ತೇನೆ, ಅರಿಕೆ ಮಾಡಿದ್ದನ್ನೇ ಮತ್ತೆ ಮತ್ತೆ ಅರಿಕೆ ಮಾಡುತ್ತೇನೆ. ಏನೂ ಬದಲಾಗಿಲ್ಲ. ಬಾಯಿ ಮುಚ್ಚಿ ಸಹಿಸಬೇಕಾ? ಅಳುವುದು ಅವಿಶ್ವಾಸವಾ?

ಉತ್ತರ 1

ಅಕ್ಕ, ಆ ಪತ್ರ ಯಾರಿಗೆ ಬರೆದದ್ದು ಅಂತ ಮೊದಲು ನೋಡಿ. 10ನೇ ಅಧ್ಯಾಯದ 32ರಿಂದ 34ನೇ ವಚನ ಓದಿ. ನಂಬಿಕೆಗೋಸ್ಕರ ಜನರ ಮುಂದೆ ನಿಂದೆ ತಿಂದವರು, ಆಸ್ತಿ ಸುಲಿಗೆಯಾದರೂ ಸಹಿಸಿಕೊಂಡವರು ಅವರು. ಏನೋ ಗುಟ್ಟಿನ ಪಾಪಕ್ಕೆ ಸಿಕ್ಕಿಬಿದ್ದವರಲ್ಲ. ಅಂಥವರಿಗೇ ಈ ಶಿಕ್ಷೆಯ ಮಾತು ಹೇಳಿದ್ದು, ಅದೂ ಧೈರ್ಯ ತುಂಬಲು. ಕಷ್ಟ ನೋಡಿ ಪಾಪ ಲೆಕ್ಕ ಹಾಕುವುದು, ನೀತಿವಂತನಾಗಿದ್ದೂ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರ ಕೆಲಸ, ಕೊನೆಗೆ ದೇವರ ಕೋಪ ಎಲೀಫಜ ಮತ್ತು ಅವನ ಇಬ್ಬರು ಗೆಳೆಯರ ಮೇಲೆ ಬಂತು (ಯೋಬ 42:7). ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ ಯೇಸು ಇವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಅಂದರು. ನಿಮಗೆ ಹಾಗೆ ಹೇಳುವ ಹಕ್ಕು ಆ ಕೂಟದವರಿಗೆ ಯಾರು ಕೊಟ್ಟರು?

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಪರೀಕ್ಷಿಸಿಕೊಳ್ಳುವುದೇ ಬೇಡ ಅಂತ ಆಗಬಾರದು. ಕೆಲವೊಮ್ಮೆ ದೇವರು ನಿಜವಾಗಿಯೂ ತಿದ್ದುತ್ತಾನೆ, ಅಲ್ವಾ? ಆಗ ನಮ್ಮನ್ನು ಕತ್ತಲಲ್ಲಿ ತಡಕಾಡಲು ಬಿಡುವುದಿಲ್ಲ. ಬೇರೆಯವನ ಹೆಂಡತಿಯನ್ನು ಕೂಡಿ ಆ ಗಂಡನನ್ನು ಕೊಲ್ಲಿಸಿದ ರಾಜ ದಾವೀದನ ಹತ್ತಿರ ಪ್ರವಾದಿ ನಾತಾನನನ್ನು ಕಳಿಸಿ, ಮಾಡಿದ್ದು ಇಂಥದ್ದೇ ಅಂತ ಮುಖಕ್ಕೆ ಹೇಳಿಸಿದ. ದಾವೀದ ಒಪ್ಪಿಕೊಂಡ ಕೂಡಲೇ ಕ್ಷಮೆಯ ಮಾತೂ ಬಂತು, ಆದರೂ ಅವಳಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ. ಅಂದರೆ ಕಷ್ಟ ಹೋಗದಿದ್ದರೆ ಕ್ಷಮೆ ಸಿಕ್ಕಿಲ್ಲ ಅಂತ ಅರ್ಥವಲ್ಲ. ಒಮ್ಮೆ ಪ್ರಾಮಾಣಿಕವಾಗಿ ಕೇಳಿ, ಸ್ಪಷ್ಟವಾಗಿ ಏನಾದರೂ ತೋರಿದರೆ ಸರಿಪಡಿಸಿಕೊಳ್ಳಿ, ತೋರದಿದ್ದರೆ ಅಲ್ಲಿಗೇ ಬಿಡಿ. ಅವರು ಓದಿದ 12ನೇ ಅಧ್ಯಾಯದ ಐದನೆಯ ವಚನ ಎರಡು ಎಚ್ಚರಿಕೆ ಕೊಡುತ್ತದೆ: ತಾತ್ಸಾರ ಮಾಡಬೇಡ, ಬೇಸರಗೊಳ್ಳಬೇಡ. ನಿಮಗೀಗ ಬೇಕಿರುವುದು ಎರಡನೆಯದು.

ಉತ್ತರ 3

ಅಳುವುದರ ಬಗ್ಗೆ ಯಾರೂ ಹೇಳಲಿಲ್ಲ. ಅಳಿ ಅಕ್ಕ. ಯಾವ ಶಿಕ್ಷೆಯಾದರೂ ಆ ಹೊತ್ತಿಗೆ ದುಃಖವನ್ನೇ ತರುತ್ತದೆ ಅಂತ ಅದೇ ಅಧ್ಯಾಯದ 11ನೇ ವಚನ ಒಪ್ಪಿಕೊಳ್ಳುತ್ತದೆ, ನಗುತ್ತಾ ಸಹಿಸಿ ಅಂತ ಎಲ್ಲೂ ಇಲ್ಲ. ಯೇಸುವೇ ಗಟ್ಟಿಯಾಗಿ ಕೂಗುತ್ತಾ ಕಣ್ಣೀರಿಟ್ಟು ಪ್ರಾರ್ಥಿಸಿದರು ಅಂತ ಅದೇ ಪತ್ರದ 5:7ರಲ್ಲಿ ಇದೆ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಒಂದು ಬಾಧೆ, ಹೋಗಲಿ ಅಂತ ಮೂರು ಸಾರಿ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು, ಆದರೆ ಯಾಕೆ ಬೇಡಿದೆ ಅಂತ ಕರ್ತನು ಗದರಲಿಲ್ಲ.

ಇನ್ನೊಂದು ಮಾತು, ಇದು ಆ ಕೂಟದವರಿಗೆ. 12ನೇ ಅಧ್ಯಾಯ ಶಿಕ್ಷೆಯ ಮಾತಿಗೇ ನಿಲ್ಲುವುದಿಲ್ಲ. ಜೋತುಬಿದ್ದ ಕೈ, ನಡುಗುವ ಮೊಣಕಾಲು ನೆಟ್ಟಗೆ ಮಾಡಿ, ಕುಂಟುವ ಕಾಲು ಉಳುಕದೆ ವಾಸಿಯಾಗುವಂತೆ ದಾರಿ ಸಮ ಮಾಡಿ ಅಂತ ಮುಂದೆಯೇ ಬರುತ್ತದೆ. ವಚನ ಓದಿ ಹೋದವರಲ್ಲಿ ಒಬ್ಬರಾದರೂ ಅಮ್ಮನ ಹತ್ತಿರ ಒಂದು ರಾತ್ರಿ ಕೂತರಾ? ಇಲ್ಲದಿದ್ದರೆ ಸಂಕೋಚ ಬಿಟ್ಟು ಕೇಳಿ. ನೀವು ಸ್ವಲ್ಪ ನಿದ್ದೆ ಮಾಡಿ. ಪ್ರಾರ್ಥಿಸಲು ಮಾತು ಹೊರಡದಿದ್ದರೆ 13ನೇ ಕೀರ್ತನೆಯನ್ನು ಜೋರಾಗಿ ಓದಿ, ಅದು ಶುರುವಾಗುವುದೇ ಎಷ್ಟರವರೆಗೆ ಅಂತ ದೇವರನ್ನೇ ಕೇಳುತ್ತಾ.